ಜೇನುಮೇಣಕ್ಕೆ ಯಾವ ಬತ್ತಿ?

ಮೇಣದಬತ್ತಿ ಮಾಡಲು ಹೊರಟವರು ನನ್ನನ್ನು ಕೇಳುವುದೆಲ್ಲ ಬಣ್ಣ, ಪರಿಮಳದ ವಿಚಾರ. ಒಳಗಿನ ಬತ್ತಿಯ ಬಗ್ಗೆ ಕೇಳುವವರೇ ಇಲ್ಲ. ಕರಗಿದ ಮೇಣವನ್ನು ಮೇಲಕ್ಕೆ ಹೀರಿ ಜ್ವಾಲೆಗೆ ಉಣಿಸುವುದೇ ಅದು; ಬತ್ತಿ ಸರಿಯಿಲ್ಲದಿದ್ದರೆ ಎಂಥ ಮೇಣವೂ ವ್ಯರ್ಥ.

ಬಸವನಗುಡಿಯ ನಮ್ಮ ಅಡುಗೆಮನೆಯಲ್ಲಿ ನಾನು ಕರಗಿಸುವುದು ಹೆಚ್ಚಾಗಿ ಕೊಡಗಿನ ಜೇನುಮೇಣ. ಅದು ಮಂದ, ಬತ್ತಿಯೊಳಗೆ ಸುಲಭವಾಗಿ ಏರುವುದಿಲ್ಲ. ಚೌಕ ಹೆಣಿಗೆಯ ಹತ್ತಿ ಬತ್ತಿಯೇ ಅದಕ್ಕೆ ಬೇಕು. ಪ್ಯಾರಾಫಿನ್‌ನ ಉದ್ದನೆಯ ಮೇಣದಬತ್ತಿಗೆ ಚಪ್ಪಟೆ ಹೆಣಿಗೆ ಚೆನ್ನ: ಉರಿಯುತ್ತಾ ತುದಿ ಬಾಗಿ, ಜ್ವಾಲೆಯ ಅಂಚಿಗೆ ಬಂದು, ತಾನೇ ಸುಟ್ಟುಹೋಗುತ್ತದೆ. ಗಾಜಿನ ಲೋಟಕ್ಕೆ ಸೋಯಾ ಮೇಣ ಸುರಿಯುವವರು ನಡುವೆ ಕಾಗದದ ಎಳೆಯಿರುವ ಬತ್ತಿ ಕೊಳ್ಳಲಿ, ನೆಟ್ಟಗೆ ನಿಲ್ಲುತ್ತದೆ. ಸೀಸದ ತಂತಿಯ ಬತ್ತಿಯನ್ನು ಅಮೆರಿಕ 2003ರಲ್ಲಿ ನಿಷೇಧಿಸಿತು. ಒಳಗಿನ ತಂತಿ ಯಾವ ಲೋಹದ್ದೆಂದು ಅಂಗಡಿಯವರು ಹೇಳದಿದ್ದರೆ ನಾನಂತೂ ಅದನ್ನು ಮುಟ್ಟುವುದಿಲ್ಲ.

ಮರದ ಪಟ್ಟಿಯ ಬತ್ತಿ ಚಟಪಟ ಎನ್ನುತ್ತಾ ಉರಿಯುವುದು ಕೇಳಲು ಹಿತ. ಆದರೆ ಬೆಂಗಳೂರಿನ ಮಳೆಗಾಲದಲ್ಲಿ ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿಡಬೇಕು, ಇಲ್ಲದಿದ್ದರೆ ಹೊತ್ತಿಕೊಳ್ಳಲು ಸತಾಯಿಸುತ್ತದೆ.

ಇನ್ನು ಗಾತ್ರ. ಹಚ್ಚಿ, ಪಕ್ಕದಲ್ಲೇ ಕುಳಿತು ನೋಡಿ. ಕರಗಿದ ಮೇಣ ಲೋಟದ ಅಂಚು ಮುಟ್ಟದೆ ನಡುವೆ ಗುಂಡಿ ತೋಡಿದರೆ ಬತ್ತಿ ಸಣ್ಣದಾಯಿತು. ತುದಿಯಲ್ಲಿ ಅಣಬೆಯಂತೆ ಮಸಿ ಕಟ್ಟಿ ಹೊಗೆಯಾಡಿದರೆ ದಪ್ಪವಾಯಿತು, ಇಲ್ಲವೇ ಕತ್ತರಿಸದೆ ಉದ್ದ ಬಿಟ್ಟಿದ್ದೀರಿ. ಹಚ್ಚುವ ಮುನ್ನ ಪ್ರತಿ ಸಲ 6 ಮಿಲಿಮೀಟರಿಗೆ ಕತ್ತರಿಸಿ. ಲೋಟ ಬದಲಾದರೆ, ಮೇಣ ಬದಲಾದರೆ, ಈ ಪರೀಕ್ಷೆ ಮತ್ತೆ ಮೊದಲಿನಿಂದ.