ಮೊಳೆ ಹೊಡೆಯದೆ ಮಗಳ ಕೋಣೆ: ಕೆಲಸದ ದಿನಚರಿ

ಜೂನ್ 8

ಧಾರವಾಡದ ಸಪ್ತಾಪುರದ ಈ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಯಿತು. ಮೂರು ವರ್ಷದ ಮಗಳಿಗಾಗಿ ಹತ್ತಕ್ಕೆ ಒಂಬತ್ತು ಅಡಿಯ ಚಿಕ್ಕ ಕೋಣೆಯನ್ನು ಸಜ್ಜುಗೊಳಿಸುವ ಕೆಲಸಕ್ಕೆ ಇಂದು ಕೈಹಾಕಿದೆ. ಕೀಲಿ ಕೊಡುವ ದಿನ ಮಾಲೀಕರು ಹೇಳಿದ್ದು ಒಂದೇ ಮಾತು: "ಗ್ವಾಡಿಗೆ ಮೊಳಿ ಮಾತ್ರ ಹೊಡೀಬ್ಯಾಡ್ರಿ." ಬಣ್ಣ ಬದಲಿಸಲೂ ಒಪ್ಪಿಗೆಯಿಲ್ಲ. ಆದ್ದರಿಂದ ಮನೆ ಬಿಡುವಾಗ ಸುತ್ತಿ, ಮಡಚಿ ಟೆಂಪೋದಲ್ಲಿ ಹಾಕಿಕೊಂಡು ಹೋಗಬಹುದಾದ ವಸ್ತುಗಳಿಂದಲೇ ಕೋಣೆಗೆ ಕಳೆ ತರಬೇಕೆಂದು ನಿಶ್ಚಯಿಸಿದ್ದೇನೆ.

ಜೂನ್ 17

ಮೊದಲ ವಾರವೇ ಎಡವಿದೆ. ಎರಡೂ ಬದಿ ಅಂಟುವ ಟೇಪಿನಿಂದ ಪ್ರಾಣಿಗಳ ಚಿತ್ರಗಳನ್ನು ಪಶ್ಚಿಮದ ಗೋಡೆಗೆ ಅಂಟಿಸಿದ್ದೆ. ನಮ್ಮಲ್ಲಿ ಮುಂಗಾರು ಮಳೆ ಪಶ್ಚಿಮದಿಂದಲೇ ಬಡಿಯುವುದರಿಂದ ಆ ಗೋಡೆಗೆ ತೇವ ಏರುತ್ತದೆಂಬುದು ಹೊಳೆಯಲಿಲ್ಲ. ಮೂರನೆಯ ದಿನ ಆನೆ ಕೆಳಗೆ ಬಿತ್ತು. ಅದರ ಬೆನ್ನಿಗೆ ಅಂಗೈಯಗಲದ ಡಿಸ್ಟೆಂಪರ್ ಹಕ್ಕಳೆಯೂ ಅಂಟಿಕೊಂಡು ಬಂತು. ಟೇಪು ಹಿಡಿದುಕೊಂಡದ್ದು ಬಣ್ಣವನ್ನು, ಬಣ್ಣವೇ ಗೋಡೆಯನ್ನು ಬಿಟ್ಟಿತ್ತು. ಸಡಿಲಾದ ಅಂಚನ್ನು ಕೆರೆದು, ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಜ್ಜಿ ಬಣ್ಣ ಬಳಿದರೂ ಛಾಯೆ ಹೊಂದಲಿಲ್ಲ. ಮಾಲೀಕರಿಗೆ ನಾನೇ ತಿಳಿಸಿದೆ. ಮಂಚವನ್ನು ಆ ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ್ದೇನೆ.

ಜುಲೈ 6

ಗೋಡೆಯನ್ನು ಬಿಟ್ಟು ಕಿಟಕಿಯತ್ತ ನೋಡಿದಾಗ ದಾರಿ ಸಿಕ್ಕಿತು. ಪರದೆಯ ಸರಳು ಮನೆಯೊಂದಿಗೇ ಬಂದದ್ದು, ಪರದೆ ಮಾತ್ರ ನಮ್ಮದು. ದಪ್ಪ ಮ್ಯಾಟಿ ಬಟ್ಟೆಯ ಪರದೆ ಹೊಲಿಸಿ, ಅದರ ಕೆಳ ಅಂಚಿಗೆ ಕಸೂತಿಯ ಆನೆಗಳ ಸಾಲು ಹಾಕಲಾರಂಭಿಸಿದ್ದೇನೆ. ಪರದೆಗೆ ಕಸೂತಿ ಒಪ್ಪುವುದಕ್ಕೆ ಅಂದಕ್ಕಿಂತ ದೊಡ್ಡ ಕಾರಣವೊಂದಿದೆ. ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಬಟ್ಟೆಯ ಎಳೆಗಳನ್ನು ಎಣಿಸುತ್ತ, ಒಂದು ಬಿಟ್ಟು ಒಂದರಂತೆ ಸಾಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ; ಗಂಟು ಹಾಕುವಂತಿಲ್ಲ, ಎಳೆಯ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಹೀಗಾಗಿ ಎರಡೂ ಬದಿ ಒಂದೇ ಆಗಿರುತ್ತವೆ, ಗಾಳಿಗೆ ಪರದೆ ಹೊರಳಿದರೂ ಆನೆ ಆನೆಯಾಗಿಯೇ ಕಾಣುತ್ತದೆ. ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಯೂ ಹಾಗೆಯೇ. ನೇಗಿ, ಮೆಂಥೆ ಹೊಲಿಗೆಗಳ ಹಿಂಬದಿ ಬೇರೆಯಾಗಿ ಕಾಣುವುದರಿಂದ ಅವನ್ನು ಕೈಬಿಟ್ಟೆ. ಮೊದಲ ಆನೆಯ ಕಾಲಿನಲ್ಲಿ ಒಂದೆಳೆ ತಪ್ಪಿ ಎಣಿಸಿದ್ದು ಅಂಬಾರಿಗೆ ಬಂದಾಗ ತಿಳಿಯಿತು; ಎರಡು ಸಂಜೆಯ ಕೆಲಸ ಬಿಚ್ಚಬೇಕಾಯಿತು. ಅತ್ತೆಯವರು ಮುಂಬದಿಯನ್ನು ನೋಡಲೇ ಇಲ್ಲ, "ಹೊಳ್ಳಿಸಿ ತೋರ್ಸು ನೋಡೋಣು" ಎಂದರು.

ಜುಲೈ 20

ಅತ್ತೆಯವರ ಕೌದಿ ಮುಗಿದಿದೆ. ನನ್ನ ಹಳೆಯ ನೂಲಿನ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದದ್ದು. ಮೇಲಿನ ತುಂಡುಗಳ ಬಣ್ಣ ಆರಿಸಿದ್ದು ಮಗಳು, ಅದಕ್ಕೇ ಹಳದಿ ಜಾಸ್ತಿ. ನೆಲಕ್ಕೆ ನವಲಗುಂದದ ಚಿಕ್ಕ ಜಮಖಾನೆ ತಂದೆವು. ಅಲ್ಲಿನ ಹೆಣ್ಣುಮಕ್ಕಳು ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು ನೇಯುವ ಈ ಹತ್ತಿಯ ಜಮಖಾನೆಯಲ್ಲಿ ನವಿಲುಗಳಿವೆ. ಮಗು ಹಾಲು ಚೆಲ್ಲಿದಾಗ ಒರೆಸಿ, ಝಾಡಿಸಿ ಬಿಸಿಲಿಗೆ ಹಾಕಬಹುದು. ನುಣುಪಾದ ಟೈಲ್ಸ್ ಮೇಲೆ ಅದು ಜಾರುತ್ತದೆ, ಕೆಳಗೆ ರಬ್ಬರ್ ಜಾಲರಿ ಬೇಕು.

ಆಗಸ್ಟ್ 3

ಪುಸ್ತಕದ ಕಪಾಟು ಎರಡೂವರೆ ಅಡಿಯಷ್ಟೇ ಎತ್ತರವಿದ್ದರೂ ಮಗಳು ಅದರ ಹಲಗೆಗಳನ್ನೇ ಮೆಟ್ಟಿಲು ಮಾಡಿಕೊಂಡು ಏರಿದ್ದನ್ನು ಕಂಡೆ. ಭಾರದ ಆಟಿಕೆಗಳನ್ನು ಕೆಳಗಿನ ಖಾನೆಗೆ ಇಳಿಸಿದ ಮೇಲೂ ಮನಸ್ಸು ಒಪ್ಪಲಿಲ್ಲ. ಮೊಳೆಯ ಮಾತನ್ನು ಮಾಲೀಕರ ಮುಂದೆ ಮೊದಲ ಸಲ ನಾನೇ ಎತ್ತಿದೆ: ಅಲಂಕಾರಕ್ಕಲ್ಲ, ಕಪಾಟು ಮಗುವಿನ ಮೇಲೆ ಮಗುಚದಂತೆ ಗೋಡೆಗೆ ಬಿಗಿಯಲು. ಅವರು ಬಂದು, ಕಪಾಟನ್ನು ಕೈಯಿಂದ ಅಲುಗಾಡಿಸಿ ನೋಡಿ, ಎರಡು ಸ್ಕ್ರೂಗಳಿಗೆ ಒಪ್ಪಿದರು. ಡ್ರಿಲ್ ಕೂಡ ಅವರದೇ. ಪುಟ್ಟಿ ಹಚ್ಚಿದ ಕಲೆ ಈಗ ಕಪಾಟಿನ ಹಿಂದಿದೆ.

ಒಟ್ಟು ಐದು ಆನೆಗಳಲ್ಲಿ ಮೂರು ಮುಗಿದಿವೆ. ನಾಲ್ಕನೆಯದಕ್ಕೆ ಸೊಂಡಿಲು ಬರಬೇಕು. ಮಗಳು ಪ್ರತಿ ರಾತ್ರಿ ಪರದೆಯಂಚನ್ನು ಎತ್ತಿ ಹಿಡಿದು ಅದು ಬಂತೇ ಎಂದು ನೋಡುತ್ತಾಳೆ.