ಮೊದಲ ಗ್ರಾಫಿಕ್ಸ್ ಕಾರ್ಡ್

ನನ್ನ ಮೊದಲ ಗೇಮಿಂಗ್ ಕಂಪ್ಯೂಟರಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಕೊನೆಗೆ ಎರಡು ಗ್ರಾಫಿಕ್ಸ್ ಕಾರ್ಡುಗಳ (ಗೇಮಿನ ದೃಶ್ಯಗಳನ್ನು ಪರದೆಗೆ ಮೂಡಿಸುವ ಫಲಕಗಳು) ನಡುವೆ ಬಂದು ನಿಂತಿದ್ದೆ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿಯಿದೆ, ಆದರೆ ಅದಕ್ಕೆ 170 ವ್ಯಾಟ್ ಬೇಕು. 2023ರ 4060 ವೇಗದಲ್ಲಿ ಮುಂದಿದ್ದು 115 ವ್ಯಾಟ್‌ನಲ್ಲೇ ನಡೆಯುತ್ತದೆಯಾದರೂ ಅದರ ಮೆಮೊರಿ 8 ಜಿಬಿ ಮಾತ್ರ. ಮೆಮೊರಿ ಸಾಲದೆ ಹೋದಾಗ ಏನಾಗುತ್ತದೆ ಎಂಬುದನ್ನು ಗೆಳೆಯನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ: ಗೇಮಿನಲ್ಲಿ ಓಡುತ್ತಿದ್ದ ದೃಶ್ಯ ತಡವರಿಸಿತು, ಗೋಡೆಯ ಇಟ್ಟಿಗೆಗಳು ಮಸುಕಾಗಿ ಮೂಡಿ, ಕ್ಷಣಕಾಲ ಕಳೆದ ಮೇಲೆ ತಿಳಿಯಾದವು. ನನ್ನ ಮಾನಿಟರ್ 1080ಪಿ (1920×1080 ಚುಕ್ಕೆಗಳ ಪರದೆ) ಆಗಿದ್ದು ಅದಕ್ಕೆ ತೀರಾ ಹೆಚ್ಚು ಮೆಮೊರಿ ಬೇಡದಿರುವುದರಿಂದ, ಟೆಕ್ಸ್ಚರ್ (ಗೋಡೆ, ನೆಲದಂಥವುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಅಗತ್ಯಬಿದ್ದಾಗ ಒಂದು ಹಂತ ಇಳಿಸಿಕೊಂಡರಾಯಿತೆಂದು 4060ನ್ನೇ ಆರಿಸಿದ್ದೇನೆ. ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ಅಂಗೈಯಗಲದ ಎಲೆಕ್ಟ್ರಾನಿಕ್ ಫಲಕವೊಂದಕ್ಕೆ ಕೊಡುವ ಮೊದಲು ಇಷ್ಟು ಯೋಚಿಸಿದ್ದು ಅತಿಯೆಂದು ನನಗನ್ನಿಸುವುದಿಲ್ಲ. ಶನಿವಾರ ಹೋಗಿ ತರುತ್ತೇನೆ.