ನಾಟಿಗೆ ಮುಯ್ಯಾಳು, ಲೈಬ್ರರಿಗೆ ಕೊಹಾ

ಹಾಸನದ ಕಡೆ ಒಂದು ತಾಲ್ಲೂಕಿನ ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ಪುಸ್ತಕ 14 ಸಾವಿರ, ಕಂಪ್ಯೂಟರ್ ಎರಡು, ಅಟೆಂಡರ್ ಒಬ್ಬರು. ಮುಂಚೆ ಒಂದು ಕಂಪನಿಯ ಸಾಫ್ಟ್‌ವೇರ್ ಇತ್ತು, ವರ್ಷವರ್ಷ ಎಎಂಸಿ, ಅಂದರೆ ನಿರ್ವಹಣೆಯ ಶುಲ್ಕ ಕಟ್ಟುತ್ತಿದ್ದೆವು. ಒಂದು ವರ್ಷ ಬಿಲ್ ಪಾಸಾಗೋದು ತಡವಾಯಿತು. ಬೆಳಿಗ್ಗೆ ಬಂದು ನೋಡಿದರೆ ಇಷ್ಯೂ ಸ್ಕ್ರೀನೇ ತೆರೆಯುತ್ತಿಲ್ಲ. ಫೋನ್ ಮಾಡಿದೆ. "ರಿನ್ಯೂವಲ್ ಆಗ್ಲಿ ಮೇಡಂ, ಆನ್ ಮಾಡ್ತೀವಿ" ಅಂದರು. ಹೋಗಲಿ, ನಮ್ಮ ಡೇಟಾ ಆದರೂ ಕೊಡಿ ಅಂದೆ. ಅದಕ್ಕೆ ಬೇರೆ ಕೊಟೇಶನ್ ಬಂತು! ಪುಸ್ತಕ ನಮ್ಮದು, ಒಂದೊಂದರ ಹೆಸರೂ ಕೂತು ಟೈಪ್ ಮಾಡಿದವಳು ನಾನು, ಪಟ್ಟಿ ಮಾತ್ರ ಅವರ ಬೀಗದೊಳಗೆ. ಎರಡು ವಾರ ಲೆಡ್ಜರ್‌ನಲ್ಲಿ ಬರೆದುಕೊಂಡು ಪುಸ್ತಕ ಕೊಟ್ಟೆವು.

ಆಗ ತಲೆಗೆ ಬಂದದ್ದು ಕೊಹಾ, ಲೈಬ್ರರಿ ನಡೆಸೋಕೆ ಅಂತಲೇ ಇರುವ ಫ್ರೀ ಸಾಫ್ಟ್‌ವೇರ್. ಲೈಬ್ರರಿಯವರಿಗೆ ಇದು ಹೊಸ ಹೆಸರಲ್ಲ. ಪ್ರಿನ್ಸಿಪಾಲರಿಗೆ ಮಾತ್ರ ಹೊಸದು. "ಫ್ರೀ ಅಂದ್ರೆ, ಕೆಟ್ಟರೆ ಯಾರನ್ನ ಹಿಡ್ಕೊಳ್ಳೋದಮ್ಮಾ?" ಅಂದರು. ದುಡ್ಡು ಕೊಟ್ಟಾಗಲೂ ಯಾರೂ ಕೈಗೆ ಸಿಗಲಿಲ್ಲವಲ್ಲ ಸರ್ ಅನ್ನಬೇಕಿತ್ತು. ಅದು ಹೊಳೆದದ್ದು ಮನೆಗೆ ಹೋದಮೇಲೆ.

ಕೊಹಾ ಹುಟ್ಟಿದ್ದು ದೊಡ್ಡ ಕಂಪನಿಯಲ್ಲಲ್ಲ, ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಊರಿನ ಕಡೆ. ಅಲ್ಲಿನ ಹೊರೊವೆನುವಾ ಲೈಬ್ರರಿ ಟ್ರಸ್ಟಿನವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯನ್ನು ದಾಟುವ ಹಾಗಿರಲಿಲ್ಲ. ವೈ2ಕೆ ಭಯ ನಿಮಗೂ ನೆನಪಿರಬಹುದು. ಹೊಸದು ಕೊಳ್ಳುವ ಬದಲು 1999ರಲ್ಲಿ ಕ್ಯಾಟಿಪೊ ಎಂಬ ಸಣ್ಣ ಕಂಪನಿಯಿಂದ ತಮಗೆ ಬೇಕಾದಂಥದ್ದನ್ನೇ ಬರೆಸಿದರು. ಶಾಖೆಗಳಿಗೆ ಇದ್ದದ್ದು ಟೆಲಿಫೋನ್ ಲೈನಿನ ಮೋಡೆಮ್, ಅದರಲ್ಲೂ ಓಡಬೇಕಿತ್ತು. 2000ದ ಜನವರಿಯಲ್ಲಿ ಕೆಲಸ ಶುರುವಾಯಿತು. ಆಮೇಲೆ ಕೋಡನ್ನು ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಬಳಸಿ, ತಿದ್ದಿ, ಹಂಚಿ. ಹಂಚುವಾಗ ಪಡೆದವರಿಗೂ ಅದೇ ಹಕ್ಕು ಕೊಡಿ. ಇಷ್ಟೇ ಷರತ್ತು.

ಕೊಹಾ ಅಂದರೆ ಮಾವೋರಿ ಭಾಷೆಯಲ್ಲಿ ಉಡುಗೊರೆ. ಆದರೆ ಸುಮ್ನೆ ಕೊಟ್ಟು ಮರೆಯುವ ಉಡುಗೊರೆ ಅಲ್ಲವಂತೆ. ಅತಿಥಿಗಳು ಮನೆಯವರಿಗೆ ತರುವುದು, ಮುಂದೊಂದು ದಿನ ಅವರಿಂದಲೂ ಬರುವುದು. ಅಮ್ಮನಿಗೆ ಇದನ್ನು ಹೇಳಿದೆ. "ಅದೇ ಮುಯ್ಯಿ ಕಣೇ" ಅಂದಳು. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುತ್ತಾರೆ, ಯಾರು ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆ ಮದುವೆಗೆ ತೀರಿಸುತ್ತಾರೆ. ಗದ್ದೆ ನಾಟಿಗೆ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು. ಹೀಗೆ ಕೋಡನ್ನು ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ಬಗ್ಗೆ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಪಿಪಿಟಿ ನೋಡಿದ್ದೇನೆ. ಅಮ್ಮನ ಒಂದು ಮಾತಿನಷ್ಟು ಯಾವುದೂ ತಲೆಗೆ ಹತ್ತಿರಲಿಲ್ಲ.

ನಿಜಕ್ಕೂ ಹಾಗೇ ಬೆಳೆದಿದೆ ಅದು. ಮೊದಲಿಗೆ ಕೊಹಾದಲ್ಲಿ ಮಾರ್ಕ್ ಫಾರ್ಮ್ಯಾಟ್ ಇರಲಿಲ್ಲ. ಪುಸ್ತಕದ ಹೆಸರು, ಲೇಖಕರು ಇಂಥ ವಿವರಗಳನ್ನು ನಂಬರ್ ಹಾಕಿದ ಫೀಲ್ಡುಗಳಲ್ಲಿ ತುಂಬುವ, ಲೈಬ್ರರಿಗಳು ಬಳಸುವ ಪದ್ಧತಿ ಅದು. ಅಮೆರಿಕದ ಒಹಾಯೋದ ನೆಲ್ಸನ್‌ವಿಲ್ ಲೈಬ್ರರಿಯವರಿಗೆ ಅದು ಬೇಕಾಗಿತ್ತು, ದುಡ್ಡು ಹಾಕಿ ಬರೆಸಿದರು. ಅವರಿಗಾಗಿ ಬರೆಸಿದ್ದು ಎಲ್ಲರಿಗೂ ಬಂತು. ನಾನು ಇಲ್ಲಿ ಕೂತು 245ನೇ ಫೀಲ್ಡಿನಲ್ಲಿ ಪುಸ್ತಕದ ಹೆಸರು ಹಾಕುವಾಗ ಅದರ ಹಿಂದೆ ಆ ಊರಿನ ದುಡ್ಡಿದೆ. 2011ರಲ್ಲಿ ಅಮೆರಿಕದ ಒಂದು ಕಂಪನಿ ನ್ಯೂಜಿಲೆಂಡಿನಲ್ಲೇ ಕೊಹಾ ಹೆಸರಿನ ಟ್ರೇಡ್‌ಮಾರ್ಕ್‌ಗೆ ಕೈ ಹಾಕಿದಾಗ ಹೊರೊವೆನುವಾದವರು ಸಹಾಯ ಕೇಳಿದರು. ಬೇರೆ ಬೇರೆ ದೇಶಗಳಿಂದ ದುಡ್ಡು ಬಂತು. ಮುಯ್ಯಿ ತೀರಿಸಿದ ಹಾಗೇ ಅಲ್ವಾ?

ಇನ್ನು ನನ್ನ ಗೋಳು. ಹಳೆಯ ಡೇಟಾ ಕೊನೆಗೂ ಎಕ್ಸೆಲ್ ಫೈಲಾಗಿ ಕೈಗೆ ಬಂತು. ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಸೊಟ್ಟ ಗೆರೆ. ಎಲ್ಲವನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ಕಸ. ಕೊಹಾಕ್ಕೆ ಬೇಕಿದ್ದದ್ದು ಯುನಿಕೋಡ್, ಅಂದರೆ ಯಾವುದೋ ಒಂದು ಫಾಂಟನ್ನೇ ನಂಬಿಕೊಳ್ಳದ ಕನ್ನಡ. ಕನ್ನಡದ ಹುಡುಗರೇ ಬರೆದು ಕೋಡ್ ಸಮೇತ ನೆಟ್‌ನಲ್ಲಿ ಬಿಟ್ಟಿದ್ದ ಪರಿವರ್ತಕ ಸಿಕ್ಕಿತು. ಹತ್ತರಲ್ಲಿ ಒಂಬತ್ತು ಸಾಲು ಸರಿಯಾದವು. ಉಳಿದದ್ದರಲ್ಲಿ ಜಾಸ್ತಿ ಕಾಡಿದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಹೊಡೆಯುತ್ತಿದ್ದೆವು, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ನಾನು ಅಲ್ಲಲ್ಲಿ ಮಧ್ಯೆ ಸ್ಪೇಸ್ ಬೇರೆ ಕೊಟ್ಟಿದ್ದೆ, ಕಾಣೋಕೆ ಚೆನ್ನಾಗಿರಲಿ ಅಂತ. ಎಷ್ಟೋ ಪುಸ್ತಕಗಳಲ್ಲಿ ಕರ್ನಾಟಕ ಕೈಕಾಲು ಮುರಿದುಕೊಂಡು ಬಿದ್ದಿತ್ತು. ಅದು ಸಾಲದು ಅಂತ ಒಬ್ಬರೇ ಲೇಖಕರು ನಾಲ್ಕು ಜನ ಆಗಿದ್ದರು. ಒಂದು ಕಡೆ ಡಾ. ಸೇರಿಸಿ, ಒಂದು ಕಡೆ ಬಿಟ್ಟು, ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಇದಕ್ಕೆ ಯಾವ ಕಂಪನಿಯನ್ನೂ ಬೈಯುವ ಹಾಗಿಲ್ಲ, ತಪ್ಪು ನನ್ನದೇ. ಬೇಸಿಗೆ ರಜೆ ಪೂರ್ತಿ ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ದಪ್ಪ ಪುಸ್ತಕ, ಪಕ್ಕದಲ್ಲಿಟ್ಟುಕೊಂಡು ತಿದ್ದಿದೆ.

ಖರ್ಚೇ ಇಲ್ಲ ಅಂತ ಮಾತ್ರ ಯಾರೂ ನಂಬಬೇಡಿ. ಯುಪಿಎಸ್ ತರಬೇಕಾಯಿತು. ಕೊಹಾ ಓಡುವ ಲಿನಕ್ಸ್‌ನ ಕಪ್ಪು ಪರದೆಗೆ ಹೆದರಿ ಎಷ್ಟೋ ಸಲ ಸುಮ್ನೆ ಕೂತಿದ್ದೇನೆ. ಪ್ರತಿ ಮೇ ಮತ್ತು ನವೆಂಬರ್‌ಗೆ ಹೊಸ ಆವೃತ್ತಿ ಬರುತ್ತದೆ, ನಾನು ವರ್ಷಕ್ಕೊಂದೇ ಹಾಕುತ್ತೇನೆ, ಅದೂ ಬ್ಯಾಕಪ್ ಎರಡು ಕಡೆ ಇಟ್ಟು.

ನನಗೆ ಕೋಡ್ ಬರೆಯೋಕೆ ಬರೋದಿಲ್ಲ. ಹಾಗಾಗಿ ನನ್ನ ಪಾಲಿನ ಮುಯ್ಯಿ ಅನುವಾದ. ಕೊಹಾದ ಸ್ಕ್ರೀನಿನ ಮಾತುಗಳನ್ನು ಕನ್ನಡಕ್ಕೆ ತರುವವರ ಜೊತೆ ಸೇರಿಕೊಂಡೆ, ರಾತ್ರಿ ಊಟ ಆದಮೇಲೆ ಹತ್ತು ಸಾಲು. 'ಚೆಕ್ ಔಟ್'ಗೆ ಮೊದಲು 'ನಿರ್ಗಮನ' ಅಂತ ಬರೆದೆ. ಮಾರನೇ ದಿನ ಅಟೆಂಡರ್‌ಗೆ ತೋರಿಸಿದರೆ, "ಏನ್ ಮೇಡಂ, ಬಸ್ ಸ್ಟ್ಯಾಂಡಾ ಇದು?" ಅಂದರು. 'ಇಷ್ಯೂ' ಅಂತಲೇ ಮಾಡಿದೆ. 'ಹೋಲ್ಡ್'ಗೆ 'ಕಾಯ್ದಿರಿಸಿ' ಅಂತ ಇಟ್ಟಿದ್ದೇನೆ, ಅವರು ಇನ್ನೂ ಒಪ್ಪಿಲ್ಲ.

ಬರುವ ಶನಿವಾರ ಪಕ್ಕದ ತಾಲ್ಲೂಕಿನ ಕಾಲೇಜಿಗೆ ಹೋಗಬೇಕು. ಅಲ್ಲಿನ ಮೇಡಂಗೂ ಕೊಹಾ ಹಾಕಿಸಬೇಕಂತೆ. ಅವರ ಎಕ್ಸೆಲ್ ಫೈಲ್ ಮೊನ್ನೆ ಮೇಲ್‌ನಲ್ಲಿ ಬಂತು, ತೆರೆದು ನೋಡಿದೆ. ಅದೇ ಫಾಂಟು, ಅದೇ ಅರ್ಕಾವತ್ತು. ಹಾರ್ಡ್‌ಡಿಸ್ಕ್ ತರ್ತೀನಿ, ನೀವು ರಿಜಿಸ್ಟರ್ ತೆಗೆದಿಟ್ಟಿರಿ ಅಂತ ಹೇಳಿದ್ದೇನೆ.